ಓಟ್ಸ್ ಕುಕ್ಕಿ ಮತ್ತು ಕ್ವೇಕರರ ಹೆಸರು

ಕ್ರಿಸ್ಮಸ್ ಕುಸ್ವಾರಿನಲ್ಲಿ ನೆವ್ರಿ, ಕಿಡಿಯೊ ಪಕ್ಕ ಈಗ ಕೆಲವು ಮನೆಗಳಲ್ಲಿ ಓಟ್ಸ್ ಕುಕ್ಕಿಯೂ ಇರುತ್ತದೆ. ಈ ಓಟ್ಸ್ ಅಮೆರಿಕದಲ್ಲಿ ಬಹುಕಾಲ ಕುದುರೆಗಳ ಮೇವಾಗಿತ್ತು. ಅದನ್ನು ಮನುಷ್ಯರ ಊಟವಾಗಿಸಿದವರಲ್ಲಿ ಮುಖ್ಯನಾದವ ಜರ್ಮನಿಯಿಂದ ಬಂದು ಓಹಾಯೋದ ಆಕ್ರನ್‌ನಲ್ಲಿ ಗಿರಣಿ ಹಾಕಿದ ಫರ್ಡಿನಾಂಡ್ ಶೂಮಾಕರ್.

1877ರಲ್ಲಿ ಅದೇ ರಾಜ್ಯದ ರವೆನ್ನಾದ ಗಿರಣಿಯೊಂದು ಕ್ವೇಕರ್ ವೇಷದ ಮನುಷ್ಯನ ಚಿತ್ರವನ್ನು ಟ್ರೇಡ್‌ಮಾರ್ಕ್ ಮಾಡಿಕೊಂಡಿತು. ಕ್ವೇಕರರು 17ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಗಡ. ಮೌನ ಪ್ರಾರ್ಥನೆ, ನೇರ ಮಾತು ಅವರ ಗುರುತು. ಯೇಸುವಿನ ಮಾತಿನಂತೆ ಆಣೆಯಿಡಲು ಒಪ್ಪದವರ ವಿರುದ್ಧ 1662ರಲ್ಲಿ ಕಾನೂನೇ ಬಂತು. ಎಷ್ಟೋ ಜನ ಜೈಲು ಸೇರಿದರು. ಗಿರಣಿಗೂ ಅವರ ಸಭೆಗೂ ಸಂಬಂಧವಿರಲಿಲ್ಲ. ಬೇಕಾಗಿದ್ದದ್ದು ಅವರ ಮೇಲೆ ಜನರಿಗಿದ್ದ ನಂಬಿಕೆ! ಕಾನೂನು ಏನೇ ಹೇಳಲಿ, ನನಗಿದು ಕಳ್ಳತನವೆಂದೇ ಕಾಣುತ್ತದೆ.

ಇನ್ನು ಕುಕ್ಕಿ. ಬಾಸ್ಟನ್ನಿನ ಫ್ಯಾನಿ ಫಾರ್ಮರ್ 1896ರ ತಮ್ಮ ಅಡುಗೆ ಪುಸ್ತಕದಲ್ಲಿ ಕೊಟ್ಟ ವಿಧಾನದಲ್ಲಿ ಎರಡು ಕಪ್ ಮೈದಾಕ್ಕೆ ಅರ್ಧ ಕಪ್ ನುಣ್ಣನೆ ಓಟ್ಸ್ ಮಾತ್ರ, ದ್ರಾಕ್ಷಿಯ ಸುದ್ದಿಯಿಲ್ಲ. ಹಬೆಯಲ್ಲಿ ಮೆದುವಾಗಿಸಿ ಅವಲಕ್ಕಿಯಂತೆ ಚಪ್ಪಟೆ ಮಾಡಿದ ಓಟ್ಸನ್ನೇ ಹೆಚ್ಚು ಹಾಕತೊಡಗಿದ ಮೇಲೆ ಅದು ಅಗಿದು ತಿನ್ನುವ ಕುಕ್ಕಿಯಾಯಿತು. ದ್ರಾಕ್ಷಿ, ಅಕ್ರೋಟು ಸೇರಿದವು. ಚಾಕಲೇಟ್ ಚೂರಿನ ಕುಕ್ಕಿ ರೂತ್ ವೇಕ್‌ಫೀಲ್ಡ್ ಅವರಿಂದ 1930ರ ದಶಕದಲ್ಲಿ ಬಂತು. ನಮ್ಮ ಕಾಸರಗೋಡಿನ ಗೇರುಬೀಜ ಹಾಕಿದರೂ ಚೆನ್ನಾಗಿಯೇ ಇರುತ್ತದೆ.