ಒಣ ಭಡಂಗ, ಹಸಿ ಸುಸಲಾ

1974ರಲ್ಲಿ ಶೇಡಬಾಳದಿಂದ ಮ್ಹೈಸಾಳಕ್ಕೆ ಸೊಸೆಯಾಗಿ ಬಂದಾಗ ನನಗೆ ಹತ್ತೊಂಬತ್ತು. ನಡುವೆ ಕಾಗವಾಡ, ಅಷ್ಟೇ. ಆದರೂ ಬೇರೆ ರಾಜ್ಯ. ಬಂದ ವಾರದಲ್ಲೇ ಅತ್ತೆಯವರು ಚುರುಮುರಿ ಡಬ್ಬಿ ಕೈಗೆ ಕೊಟ್ಟು, ‘ಏನಾರ ತಿನ್ನಾಕ ಮಾಡವ್ವಾ’ ಎಂದರು. ನನ್ನವ್ವ ಕಲಿಸಿದ್ದು ಒಂದೇ: ಚುರುಮುರಿಯನ್ನು ನೀರಿಗೆ ಹಾಕಿ, ತೆಗೆದು, ಹಿಂಡಿ, ಉಳ್ಳಾಗಡ್ಡಿ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸುವುದು. ಸುಸಲಾ. ತಾಟಿನಲ್ಲಿ ಹಾಕಿಕೊಟ್ಟೆ. ಅತ್ತೆ ಒಂದು ತುತ್ತು ತಿಂದು, ‘ಅಗಂ, ಚುರುಮುರಿ ತೋಯಿಸಿಬಿಟ್ಟೆಲ್ಲ’ ಎಂದರು. ಬೈದದ್ದಲ್ಲ, ನಿಜಕ್ಕೂ ಮರುಕಪಟ್ಟರು. ಮರುದಿನ ತಾವೇ ಒಲೆಯ ಮುಂದೆ ಕೂತು ಭಡಂಗ ಮಾಡಿ ತೋರಿಸಿದರು.

ಅದನ್ನು ನಾನು ಇವತ್ತಿಗೂ ಅವರು ತೋರಿಸಿದಂತೆಯೇ ಮಾಡುತ್ತೇನೆ. ಭಡಂಗದ ಚುರುಮುರಿಯೇ ಬೇರೆ, ಕಾಳು ದಪ್ಪ, ಒಳಗೆ ಪೊಳ್ಳು, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಮೊದಲು ಬಿಸಿಲಿಗೆ ಹಾಕಬೇಕು. ಪಾತೇಲಿಯಲ್ಲಿ ಎಣ್ಣೆ ಕಾಯಿಸಿ ಶೇಂಗಾ ಕೆಂಪಗೆ ಕರಿದು, ಸಿಪ್ಪೆಸಮೇತ ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಸಾಸಿವೆ, ಅರಿಷಿಣ. ಬೆಳ್ಳುಳ್ಳಿ ಗರಿಗರಿಯಾದ ಮೇಲೆ ಪಾತೇಲಿಯನ್ನು ಒಲೆಯಿಂದ ಇಳಿಸಿ, ಆಮೇಲೆ ಖಾರ ಹಾಕಬೇಕು. ಉರಿಯ ಮೇಲೆ ಹಾಕಿದರೆ ಖಾರ ಕರಕಾಗಿ ಬಣ್ಣ ಹೋಗುತ್ತದೆ. ಉಪ್ಪು, ಒಂದಿಷ್ಟು ಪುಡಿ ಸಕ್ಕರೆ. ಕೊನೆಗೆ ಚುರುಮುರಿ ಸುರಿದು, ಪಾತೇಲಿಯನ್ನು ಮತ್ತೆ ಒಲೆಗಿಟ್ಟು ಸಣ್ಣ ಕಾವಿನಲ್ಲಿ ಕೈ ಬಿಡದೆ ಆಡಿಸುವುದು. ನಾವು ಜೈನರು, ಚಾತುರ್ಮಾಸದ ನಾಲ್ಕು ತಿಂಗಳು ಬೆಳ್ಳುಳ್ಳಿ ಇಲ್ಲ, ಇಂಗು ಹಾಕುತ್ತಿದ್ದೆವು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನೆಯಲ್ಲಿ ನಾಲ್ಕು ಗಂಟೆಯ ಒಂದು ಹಿಡಿ ಭಡಂಗಕ್ಕೆ ಎಷ್ಟು ಬೆಲೆಯೆಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ.

ಸಾಂಗಲಿ ಎಂದರೆ ಭಡಂಗ, ಜಯಸಿಂಗಪುರ ಎಂದರೆ ಭಡಂಗ ಎಂದು ಈಗ ಮಹಾರಾಷ್ಟ್ರವೆಲ್ಲ ಹೇಳುತ್ತದೆ. ಇದು ಮರಾಠಿ ತಿನಿಸು, ಚುರುಮುರಿಯದೇ ಇನ್ನೊಂದು ತಿನಿಸಾದ ಗಿರ್ಮಿಟ್ ಕನ್ನಡದ್ದು ಎಂದು ಗೆರೆ ಎಳೆದು ಮಾತಾಡುವವರನ್ನು ಕಂಡಾಗ ನನಗೆ ನೋವಾಗುತ್ತದೆ. ಆ ಪಾತೇಲಿಯೊಳಗೆ ಬೀಳುವ ಒಂದೊಂದು ಪದಾರ್ಥ ಎಲ್ಲಿಂದ ಬಂತೆಂದು ಐವತ್ತು ವರ್ಷ ನೋಡಿದವಳು ನಾನು.

ಕಾಳಿನಿಂದ ಶುರುಮಾಡುತ್ತೇನೆ. ಕಾವಿಗೆ ಕಾಳು ಒಡೆದು ಬಿಳಿಯಾಗಿ ತೆರೆದುಕೊಳ್ಳುವುದಕ್ಕೆ ಕನ್ನಡದಲ್ಲಿ ಅರಳು ಎನ್ನುತ್ತೇವೆ, ಹೂವಿಗೆ ಹೇಳುವ ಮಾತೇ ಕಾಳಿಗೂ. ನಮ್ಮ ಕಡೆ ಬಾಯಲ್ಲಿ ಅದು ಅಳ್ಳು, ಮರಾಠಿಯಲ್ಲಿ ಲಾಹ್ಯಾ. ಇದು ಜೋಳದ ಸೀಮೆ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬಂದು, ಜೋಕಾಲಿ ಕಟ್ಟಿ, ಶೇಂಗಾ ಉಂಡಿ ತಿಂದು, ಹುತ್ತಕ್ಕೆ ಹಾಲಿನ ಜೊತೆ ಜೋಳದ ಅಳ್ಳು ಹಾಕುವುದು ಶೇಡಬಾಳದಲ್ಲೂ ಇತ್ತು, ಮ್ಹೈಸಾಳದಲ್ಲೂ ಇತ್ತು. ಪಂಚಮಿಗೆ ಹೆಸರಾದ ಬತ್ತೀಸ ಶಿರಾಳಾ ಇರುವುದೂ ಇದೇ ಸಾಂಗಲಿ ಜಿಲ್ಲೆಯಲ್ಲೇ. ಅಳ್ಳನ್ನು ಮನೆಯ ಒಲೆಯ ಮೇಲೇ ಹುರಿಯಬಹುದು. ಚುರುಮುರಿ ಹಾಗಲ್ಲ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಕಾದ ಉಸುಕಿನಲ್ಲಿ ಕ್ಷಣಮಾತ್ರ ಆಡಿಸಿ ಜರಡಿ ಹಿಡಿಯಬೇಕು. ಅದಕ್ಕೆ ಭಟ್ಟಿ ಬೇಕು, ಭಟ್ಟಿಯವರ ಕೈ ಬೇಕು. ಅಳ್ಳು ಮನೆಯದು, ಚುರುಮುರಿ ಮೊದಲಿನಿಂದಲೂ ಸಂತೆಯದು. ನಮ್ಮ ಹೊಲಗಳಿಗೆ ಕೃಷ್ಣೆಯ ನೀರು ಏರಿ ಕಬ್ಬು, ದ್ರಾಕ್ಷಿ ಬಂದ ಮೇಲೆ ಜೋಳ ಹಿಂದೆ ಸರಿಯಿತು, ಅದರೊಂದಿಗೆ ಅಳ್ಳೂ.

ಭಡಂಗಕ್ಕೆ ಭಡಂಗದ ರೂಪ ಕೊಟ್ಟ ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡಗಳ ಬೆಳೆಗಳು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ಆಮೇಲಿನ ಕಾಲದಲ್ಲಿ ಈ ನೆಲಕ್ಕೆ ಬಂದವು. ಶಿಲಾಹಾರರ ಕಾಲದ ಕನ್ನಡ ಶಾಸನಗಳಲ್ಲಿ ಮಿರಜ ‘ಮಿರಿಂಜೆ’ಯಾಗಿದ್ದಾಗ ಇಲ್ಲಿನವರು ಏನು ಖಾರ ತಿಂದರೂ ಅದು ಮೆಣಸಿನಕಾಯಿಯದಲ್ಲ. ಇವತ್ತು ಸಾಂಗಲಿ, ಕೊಲ್ಹಾಪುರದ ಅಡುಗೆಮನೆಗಳಿಗೆ ಬೇಕಾದ ಮೆಣಸಿನಕಾಯಿ ಎರಡು: ಒಂದು ಸಂಕೇಶ್ವರಿ, ಇನ್ನೊಂದು ಬ್ಯಾಡಗಿ. ಸಂಕೇಶ್ವರ ಇರುವುದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನಲ್ಲಿ, ಬ್ಯಾಡಗಿ ಹಾವೇರಿ ಜಿಲ್ಲೆಯಲ್ಲಿ. ಅರಿಷಿಣ ಇತ್ತಲಿಂದ ಅತ್ತ ಹೋಗುತ್ತದೆ. ಸಾಂಗಲಿಯ ಅರಿಷಿಣ ಪೇಟೆ ಯಾರಿಗೆ ಗೊತ್ತಿಲ್ಲ? ಕೃಷ್ಣೆ, ವಾರಣಾ ಕೂಡುವ ಹರಿಪುರದಲ್ಲಿ ಅರಿಷಿಣ ತುಂಬಿಡಲು ನೆಲದೊಳಗೆ ತೋಡಿದ ಪೇವುಗಳಿದ್ದವು, ನಮ್ಮ ಹಗೇವಿನಂಥವು. 2005ರ ಮಹಾಪೂರದ ನೀರು ಅವುಗಳಲ್ಲಿ ನುಗ್ಗಿ ದೊಡ್ಡ ಹಾನಿ ಮಾಡಿತು. ಖಾರದ ಹೆಸರು ಮಾತ್ರ ಬೇರೆ. ಮ್ಹೈಸಾಳದ ಕಡೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣಕೊಬ್ಬರಿ ಹಾಕಿ ಕುಟ್ಟಿದ ಖಾರಕ್ಕೆ ‘ಚಟ್ನಿ’ ಎನ್ನುತ್ತಾರೆ. ತವರಿನಲ್ಲಿ ಅದು ಮಸಾಲಿ ಖಾರ. ಮೊದಲ ದಿನ ಅತ್ತೆ ‘ಚಟ್ನಿ ತಾ’ ಎಂದಾಗ ನಾನು ಶೇಂಗಾ ಚಟ್ನಿ ಒಯ್ದು ಕೊಟ್ಟೆ.

ರಾಜ್ಯಗಳ ಗೆರೆಯ ವಯಸ್ಸೂ ಹೇಳಬೇಕು. ಪಟವರ್ಧನರ ಸಾಂಗಲಿ ಸಂಸ್ಥಾನದಲ್ಲಿ ತೇರದಾಳ, ರಬಕವಿ, ಶಿರಹಟ್ಟಿ ಸೇರಿದ್ದವು. ಹಿರಿಯ ಮಿರಜ ಸಂಸ್ಥಾನದಲ್ಲಿ ಲಕ್ಷ್ಮೇಶ್ವರ. ಗದಗ ಸೀಮೆಯ ಶಿರಹಟ್ಟಿಯವರಿಗೆ ರಾಜಧಾನಿ ಎಂದರೆ ಕೃಷ್ಣಾತೀರದ ಸಾಂಗಲಿ. ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ನಾನು 1955ರಲ್ಲಿ ಹುಟ್ಟಿದಾಗ ಶೇಡಬಾಳ, ಮ್ಹೈಸಾಳ ಎರಡೂ ಮುಂಬಯಿ ರಾಜ್ಯದೊಳಗೇ ಇದ್ದವು. 1956ರ ನವೆಂಬರ್ 1ಕ್ಕೆ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1960ರ ಮೇ 1ಕ್ಕೆ ಮಹಾರಾಷ್ಟ್ರ ಹುಟ್ಟಿತು, ಅದೇ ವರ್ಷ ದಕ್ಷಿಣ ಸಾತಾರಾ ಜಿಲ್ಲೆ ಸಾಂಗಲಿ ಜಿಲ್ಲೆಯಾಯಿತು. ನನ್ನ ತವರು, ನನ್ನ ಮನೆ ಬೇರೆ ಬೇರೆ ರಾಜ್ಯವಾದದ್ದು ನಾನು ನಡೆಯಲು ಕಲಿಯುವ ಹೊತ್ತಿಗೆ. ಹೆಣ್ಣು ಕೊಟ್ಟು ತರುವುದು ಅದಕ್ಕೆಂದು ನಿಲ್ಲಲಿಲ್ಲ. ಈ ಸೀಮೆಯ ಜೈನ ಮನೆಗಳಲ್ಲಿ ಬೀಗತನಕ್ಕೆ ಊರು ನೋಡುತ್ತಿದ್ದರು, ರಾಜ್ಯ ನೋಡುತ್ತಿರಲಿಲ್ಲ.

ಭಡಂಗ, ಸುಸಲಾ ಎರಡೂ ಚುರುಮುರಿಯ ಮಕ್ಕಳೇ. ಹಾಗಿದ್ದೂ ಒಂದಕ್ಕೆ ಊರ ಹೆಸರು ಅಂಟಿ ಪೊಟ್ಟಣದಲ್ಲಿ ಪುಣೆ, ಮುಂಬಯಿಗೆ ಹೋಯಿತು, ಇನ್ನೊಂದು ಮನೆಯಲ್ಲೇ ಉಳಿಯಿತು. ಯಾಕೆಂದು ನಾನು ಬಹಳ ಯೋಚಿಸಿದ್ದೇನೆ. ಸುಸಲಾ ಮಾಡಿದ ಗಳಿಗೆಗೆ ತಿನ್ನಬೇಕು, ಆರಿದರೆ ಮುದ್ದೆ. ಗಿರ್ಮಿಟ್ ಹುಣಸೆ ಬೆಲ್ಲದ ಗೊಜ್ಜಿನಲ್ಲಿ ಕಲಸಿದ್ದು, ಹುಬ್ಬಳ್ಳಿ ಧಾರವಾಡದ ಅಂಗಡಿಯಲ್ಲೇ ಕೂತು ಮಿರ್ಚಿ ಭಜಿ ಕಡಿಯುತ್ತಾ ತಿನ್ನಬೇಕು. ಭಡಂಗದಲ್ಲಿ ನೀರೇ ಇಲ್ಲ. ಡಬ್ಬಿ ಮುಚ್ಚಳ ಬಿಗಿಯಾಗಿದ್ದರೆ ಹದಿನೈದು ದಿನ ಕೆಡದು. ಅದಕ್ಕೆ ರೈಲು ಬೇಕಿತ್ತು, ರೈಲು ಸಿಕ್ಕಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲ್ವೆಯ ದಾರಿ ಪುಣೆಯಿಂದ ಮಿರಜದ ಮೇಲೆ ಬೆಳಗಾವಿ, ಲೋಂಡಾ ಮುಟ್ಟಿತು. 1891ರಲ್ಲಿ ಕೊಲ್ಹಾಪುರದ ಕವಲು ಬಂತು. ಮಿರಜ ಜಂಕ್ಷನ್ ಆಯಿತು. ಆ ಕವಲಿನ ಮೇಲೆಯೇ ಕೊಲ್ಹಾಪುರದ ಶಾಹೂ ಮಹಾರಾಜರು ತಮ್ಮ ತಂದೆ ಜಯಸಿಂಗರಾವ್ ಘಾಟಗೆಯವರ ಹೆಸರಿನಲ್ಲಿ 1917ರಲ್ಲಿ ಜಯಸಿಂಗಪುರ ಪೇಟೆ ಕಟ್ಟಿಸಿದರು. ಪೇಟೆ, ರೈಲು, ಕೆಡದ ತಿನಿಸು. 

ಒಣ ತಿನಿಸು ಗಂಡಸರ ಕೈಯಲ್ಲಿ ವ್ಯಾಪಾರವಾಯಿತು, ಹಸಿ ತಿನಿಸು ಹೆಂಗಸರ ಕೈಯಲ್ಲಿ ಉಳಿಯಿತು. ಅದಕ್ಕೇ ಸುಸಲಾದ ಚರಿತ್ರೆ ಯಾವ ಅಂಗಡಿಯ ಫಲಕದ ಮೇಲೂ ಬರೆದಿಲ್ಲ. ಅದು ಬಾಗಲಕೋಟೆ, ವಿಜಯಪುರ, ಅಥಣಿ ಕಡೆಯ ಮಗಳೊಬ್ಬಳು ಗಡಿ ದಾಟಿ ಬಂದಾಗ ಅವಳ ಕೈಯೊಂದಿಗೆ ಬರುತ್ತದೆ.

ಇಪ್ಪತ್ತೈದು ವರ್ಷ ನಾನು ಶೇಡಬಾಳಕ್ಕೆ ಭಡಂಗದ ಡಬ್ಬಿ ಒಯ್ದೆ, ಬರುವಾಗ ಅದೇ ಡಬ್ಬಿಯಲ್ಲಿ ಅವ್ವ ಪುಟಾಣಿ ಹಿಟ್ಟು ತುಂಬುತ್ತಿದ್ದಳು. ಗಡಿ ಗಲಾಟೆ ಎದ್ದಾಗ ಬಸ್ಸುಗಳು ನಿಲ್ಲುತ್ತಿದ್ದವು, ಆಗ ಡಬ್ಬಿ ಸೈಕಲ್ ಮೇಲೆ ಹೋಗುತ್ತಿತ್ತು.

ಮಾಘದಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆ. ರಾಯಬಾಗ ತಾಲೂಕಿನ ಆ ದೇವಿಗೆ ಸಾಂಗಲಿ, ಮಿರಜ, ಕೊಲ್ಹಾಪುರದ ಕಡೆಯಿಂದ ಎತ್ತಿನ ಗಾಡಿಗಳು ಸಾಲುಗಟ್ಟಿ ಹೋಗುತ್ತವೆ. ಹೋಗುವಾಗ ಗಾಡಿಯಲ್ಲಿ ಬುತ್ತಿರೊಟ್ಟಿ, ಭಡಂಗ. ಬರುವಾಗ ಭಂಡಾರ ಮೆತ್ತಿ ಹಳದಿಯಾದ ಚುರುಮುರಿ, ಬತ್ತಾಸಿನ ಪ್ರಸಾದ. ಒಂದು ವರ್ಷ ನಮ್ಮ ನೆರೆಮನೆಯವರು ತಂದುಕೊಟ್ಟ ಪ್ರಸಾದ ಎರಡು ದಿನ ದಾರಿಯ ಇಬ್ಬನಿ ಕುಡಿದು ಮೆತ್ತಗಾಗಿತ್ತು. ಅತ್ತೆಗೆ ಆಗ ಹಲ್ಲು ಹೋಗಿದ್ದವು. ಮೊರದಲ್ಲಿದ್ದ ಚುರುಮುರಿಯನ್ನು ಬೆರಳಲ್ಲಿ ಒತ್ತಿ ನೋಡಿ, ‘ಇದು ಭಡಂಗಕ್ಕ ಬರೂದಿಲ್ಲ. ನಿಮ್ಮವ್ವ ಮಾಡೂದು ಮಾಡು, ಪುಟಾಣಿ ಹಿಟ್ಟು ಜಾಸ್ತಿ ಹಾಕು’ ಎಂದರು. ನಾನು ಪಾತೇಲಿಯಲ್ಲಿ ನೀರು ತುಂಬಿಕೊಂಡು ಬಂದೆ.