ಪ್ರೋಗ್ರಾಮಿಗೂ ಒಂದು ಪದಸೂಚಿ

ದಪ್ಪ ಗ್ರಂಥದ ಕೊನೆಯಲ್ಲಿ ಪದಸೂಚಿ ಇಲ್ಲದಿದ್ದರೆ ಓದುಗನ ಪಾಡು ಹೇಳತೀರದು. ಕಂಪ್ಯೂಟರ್ ಪ್ರೋಗ್ರಾಮಿನ ಸ್ಥಿತಿಯೂ ಇದೇ. ದೊಡ್ಡ ಪ್ರೋಗ್ರಾಮು ನೂರಾರು ಕಡತಗಳಲ್ಲಿ ಹಂಚಿಹೋಗಿರುತ್ತದೆ. ಒಂದು ಕಡತದಲ್ಲಿ ಬಳಸಿದ ಹೆಸರಿನ ಮೂಲ ವಿವರಣೆ ಇನ್ನಾವುದೋ ಕಡತದಲ್ಲಿರುತ್ತದೆ. ಬರೆದವನಿಗೆ ಅದು ನೆನಪಿರಬಹುದು. ಆದರೆ ಅವನು ಕೆಲಸ ಬಿಟ್ಟುಹೋದ ಮೇಲೆ ಅದನ್ನು ತಿದ್ದಲು ಕುಳಿತವನಿಗೆ ಅದೊಂದು ದಟ್ಟ ಕಾಡು.

ಈ ತೊಡಕಿಗೆ ಪರಿಹಾರ ಹುಟ್ಟಿದ್ದು ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಬಿಲ್ ಜಾಯ್ 'ವಿಐ' ಎಂಬ ಪಠ್ಯ ಸಂಪಾದಕ ತಂತ್ರಾಂಶವನ್ನು ರಚಿಸಿದ್ದರು. ಅದಕ್ಕೆ ಜೊತೆಯಾಗಿ ಕೆನ್ ಅರ್ನಾಲ್ಡ್ ಬರೆದ 'ಸಿಟ್ಯಾಗ್ಸ್' 1979ರಲ್ಲಿ ಬರ್ಕ್ಲಿ ಯುನಿಕ್ಸ್‌ನ ಮೂರನೆಯ ಆವೃತ್ತಿಯೊಂದಿಗೆ ಹೊರಬಂತು. ಅದು ಕಡತಗಳನ್ನೆಲ್ಲ ಓದಿ 'ಟ್ಯಾಗ್ಸ್' ಎಂಬ ಸೂಚಿಯನ್ನು ಬರೆದಿಡುತ್ತದೆ. ಪ್ರತಿ ಸಾಲಿನಲ್ಲಿ ಮೂರು ಸಂಗತಿ: ಹೆಸರು, ಅದಿರುವ ಕಡತ, ಅಲ್ಲಿ ಅದನ್ನು ಹುಡುಕುವ ಬಗೆ.

ಜಾಣ್ಮೆ ಇರುವುದು ಈ ಮೂರನೆಯದರಲ್ಲಿ. ಸಾಲಿನ ಸಂಖ್ಯೆಯನ್ನಷ್ಟೇ ಗುರುತಿಟ್ಟರೆ, ಮೇಲೆ ಎರಡು ಸಾಲು ಸೇರಿದೊಡನೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಆ ಸಾಲಿನ ಪಠ್ಯವನ್ನೇ ಗುರುತಾಗಿ ಇಡಲಾಯಿತು. ಹಳ್ಳಿಯಲ್ಲಿ ಮನೆ ನಂಬರಿನ ಬದಲು ಯಜಮಾನರ ಹೆಸರು ಹೇಳಿ ವಿಚಾರಿಸಿದಂತೆ! ಇನ್ನು ಸೂಚಿ ಅಕಾರಾದಿ ಕ್ರಮದಲ್ಲಿದ್ದರೆ ಪ್ರತಿ ಸಲ ಅರ್ಧ ಭಾಗವನ್ನು ಬಿಡುತ್ತಾ, ಹತ್ತು ಲಕ್ಷ ಹೆಸರುಗಳ ನಡುವೆಯೂ ಬೇಕಾದದ್ದನ್ನು ಸುಮಾರು 20 ಹೋಲಿಕೆಗಳಲ್ಲಿ ಹಿಡಿಯಬಹುದು.

ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ 1991ರಲ್ಲಿ ಪ್ರಕಟಿಸಿದ 'ವಿಮ್' ಸಂಪಾದಕ ಮುಂದೆ ವಿಂಡೋಸ್‌ಗೂ ಬಂತು. 1996ರಲ್ಲಿ ಡ್ಯಾರನ್ ಹೀಬರ್ಟ್ ಸಿಟ್ಯಾಗ್ಸ್‌ಗೆ 'ಎಕ್ಸುಬರೆಂಟ್' ಎಂಬ ಹೊಸ ರೂಪ ಕೊಟ್ಟರು. ವಿಂಡೋಸ್‌ನ ಪದ್ಧತಿಗಳೇ ಬೇರೆ. ಯುನಿಕ್ಸ್‌ನಲ್ಲಿ 'ಎಲ್ಲ ಸಿ ಕಡತಗಳು' ಎಂದು ನಕ್ಷತ್ರ ಚಿಹ್ನೆಯಿಂದ ಸೂಚಿಸಿದರೆ ಆದೇಶ ಓದುವ ಭಾಗವೇ ಪಟ್ಟಿ ಬಿಡಿಸಿಕೊಡುತ್ತದೆ. ವಿಂಡೋಸ್‌ನಲ್ಲಿ ತಂತ್ರಾಂಶವೇ ಆ ಕೆಲಸ ಮಾಡಿಕೊಳ್ಳಬೇಕು. ಕಡತದ ದಾರಿ ತೋರುವ ಓರೆಗೆರೆ ಅಲ್ಲಿ ಹಿಂದಕ್ಕೆ ವಾಲುತ್ತದೆ. ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಚಿಹ್ನೆ ಒಂದರ ಬದಲು ಎರಡು. ಇವೆಲ್ಲಕ್ಕೂ ಹೊಂದಿಕೊಂಡ ಮೇಲೆ 'ಆರ್' ಎಂಬ ಒಂದೇ ಆಯ್ಕೆ ಕೊಟ್ಟರೆ ಸಾಕು, ಒಳಗಿನ ಡೈರೆಕ್ಟರಿಗಳನ್ನೆಲ್ಲ ಜಾಲಾಡಿ ಸೂಚಿ ಸಿದ್ಧವಾಗುತ್ತದೆ.

ಹೀಬರ್ಟರ 5.8ನೆಯ ಆವೃತ್ತಿ 2009ರಲ್ಲಿ ಬಂತು. ಆಮೇಲೆ ಹೊಸದು ಬರಲಿಲ್ಲ. ಹೊಸ ಭಾಷೆಗಳು ಹುಟ್ಟುತ್ತಲೇ ಇದ್ದವು. ಸೂಚಿಗೆ ಅವುಗಳ ಪರಿಚಯವಿರಲಿಲ್ಲ. ಮೂಲ ಪಠ್ಯ ಎಲ್ಲರಿಗೂ ಮುಕ್ತವಾಗಿದ್ದುದರಿಂದ ಬೇರೆಯವರು ಅದನ್ನು ಕೈಗೆತ್ತಿಕೊಂಡು 'ಯೂನಿವರ್ಸಲ್ ಸಿಟ್ಯಾಗ್ಸ್' ಎಂದು ಮುಂದುವರಿಸಿದರು. ಮೂಲ ಪಠ್ಯ ಮುಚ್ಚಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಹೆಸರು ಬದಲಾದರೆ ಸೂಚಿಯನ್ನು ಮತ್ತೆ ಬರೆಯಬೇಕು, ಇಲ್ಲವಾದರೆ ಅದು ಇಲ್ಲದ ಮನೆಗೆ ದಾರಿ ತೋರಿಸುತ್ತದೆ. ಸೂಚಿ ಬರೆಯುವ ತಂತ್ರಾಂಶಕ್ಕೂ ಈ ಮಾತು ಸಲ್ಲುತ್ತದೆ: ಯಾರಾದರೊಬ್ಬರು ಅದನ್ನು ಮತ್ತೆ ಮತ್ತೆ ತಿದ್ದುತ್ತಿರಬೇಕು.