ದಕ್ಷಿಣ ಭಾರತದ ಬೃಹತ್‌ಶಿಲಾ ಸ್ಮಾರಕಗಳ ಪರಿಭಾಷೆ

ದಕ್ಷಿಣ ಭಾರತದ ಕಬ್ಬಿಣಯುಗದ ಜನ ಸತ್ತವರಿಗಾಗಿ ಕಟ್ಟಿದ ಕಲ್ಲಿನ ಗೋರಿಗಳನ್ನೂ ಅವುಗಳ ಆಸುಪಾಸಿನಲ್ಲಿ ಸಿಗುವ ನಿಲುಸುಗಲ್ಲು, ಕಲ್ಸಾಲುಗಳನ್ನೂ ಗುರುತಿಸಲು, ವಿಂಗಡಿಸಲು, ಹೋಲಿಸಲು ಪುರಾತತ್ತ್ವಜ್ಞರು ಬಳಸುವ ಪದಗಳ ವ್ಯವಸ್ಥೆ. ಊರಿನವರು ಇಟ್ಟ ಹೆಸರುಗಳು, ಯುರೋಪಿನಿಂದ ಬಂದ ಪದಗಳು, ಅಗೆತದಿಂದ ಹುಟ್ಟಿದ ಪದಗಳು ಎಂಬ ಮೂರು ಪದರಗಳು ಇದರಲ್ಲಿವೆ. ಸುಮಾರು ಎರಡು ಶತಮಾನಗಳಲ್ಲಿ ಈ ಪದಗಳು ಒಂದು ಹದಕ್ಕೆ ಬಂದವು. ಆದರೂ ಸ್ಮಾರಕದ ಆಕಾರವನ್ನು ಹೇಳಬೇಕಾದ ಪದ ಅದರ ಉದ್ದೇಶವನ್ನೂ ತೀರ್ಮಾನಿಸಿಬಿಡುವ ತೊಡಕು ಪೂರ್ತಿ ಬಗೆಹರಿದಿಲ್ಲ.

ಊರಿನವರ ಹೆಸರುಗಳು

ಸಂಶೋಧಕರು ಬರುವ ಮೊದಲೇ ಈ ಕಲ್ಲುಗಳಿಗೆ ಹೆಸರುಗಳಿದ್ದವು. ಉತ್ತರ ಕರ್ನಾಟಕದಲ್ಲಿ ಇವು ‘ಮೋರ್ಯರ ಮನೆ’ಗಳು. ಮೋರ್ಯರು ಕುಳ್ಳಗಿನ ಜನ, ಬೆಂಕಿಮಳೆ ಸುರಿದು ಅಳಿದುಹೋದರು ಎಂಬ ಕಥೆ ಅಲ್ಲಿ ಬಳಕೆಯಲ್ಲಿದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬಳಿಯ ಬೆಟ್ಟಕ್ಕೂ ಮೋರ್ಯರ ಹೆಸರೇ ಅಂಟಿದೆ. ಬೇರೆ ಕಡೆಗಳಲ್ಲಿ ಇವನ್ನು ಪಾಂಡವರ ಮನೆ, ಪಾಂಡವರ ಗುಡಿ ಎನ್ನುತ್ತಾರೆ. ಕೇರಳದಲ್ಲಿ ಟೋಪಿಕಲ್ಲು, ಕುಡಕಲ್ಲು ಎಂಬ ಹೆಸರುಗಳಿದ್ದರೆ, ತಮಿಳುನಾಡಿನಲ್ಲಿ ಹೂತಿಟ್ಟ ದೊಡ್ಡ ಬಾನಿಗಳಿಗೆ ‘ಮುದುಮಕ್ಕಳ್ ತಾಳಿ’ ಎಂಬ ಹೆಸರಿದೆ.

ಇವುಗಳಲ್ಲಿ ಎರಡು ಬಗೆ. ಟೋಪಿಕಲ್ಲು, ಕುಡಕಲ್ಲು ಎಂಬಂಥವು ಕಣ್ಣಿಗೆ ಕಾಣುವ ರೂಪವನ್ನು ಹೇಳುತ್ತವೆ. ಮೋರ್ಯರ ಮನೆ, ಪಾಂಡವರ ಗುಡಿ ಎಂಬಂಥವು ಕಟ್ಟಿದವರು ಯಾರೆಂಬ ನಂಬಿಕೆಯನ್ನು ಹೇಳುತ್ತವೆ. ಮುಂದೆ ವಿದ್ವಾಂಸರು ಹೆಚ್ಚಾಗಿ ಆರಿಸಿಕೊಂಡದ್ದು ಮೊದಲ ಬಗೆಯ ಹೆಸರುಗಳನ್ನು.

ಹತ್ತೊಂಬತ್ತನೆಯ ಶತಮಾನ

ಮಲಬಾರಿನ ಗೋರಿಗಳನ್ನು ಅಗೆಸಿದ ಜೆ. ಬಾಬಿಂಗ್ಟನ್‌ನ ವರದಿ 1823ರಲ್ಲಿ ಮುಂಬಯಿಯ ಲಿಟರರಿ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಅವನು ಅವುಗಳನ್ನು ಸ್ಥಳೀಯರ ಬಾಯಲ್ಲಿದ್ದ ‘ಪಾಂಡು’ ಹೆಸರಿನಿಂದಲೇ ಕರೆದ. ಮುಂದಿನ ತಲೆಮಾರು ಈ ದಾರಿ ಹಿಡಿಯಲಿಲ್ಲ. ಸುರಪುರ ಸಂಸ್ಥಾನದ ಆಡಳಿತ ನೋಡುತ್ತಿದ್ದ ಮೆಡೋಸ್ ಟೇಲರ್ ಜೇವರ್ಗಿ, ರಾಜನಕೋಳೂರು ಮುಂತಾದ ಕಡೆ ಗೋರಿಗಳನ್ನು ಪರಿಶೀಲಿಸಿ, ಕೆಲವನ್ನು ಅಗೆಸಿದ. 1850 ಮತ್ತು 1860ರ ದಶಕಗಳಲ್ಲಿ ಬಂದ ಅವನ ಲೇಖನಗಳಲ್ಲಿ ಕ್ರೋಮ್ಲೆಕ್, ಕಿಸ್ಟ್‌ವೇನ್, ಕೇರ್ನ್ ಎಂಬ ಪದಗಳು ತುಂಬಿವೆ. ಬ್ರಿಟನ್ನಿನ ಹಳೆಯ ಗೋರಿಗಳಿಗೆ ಅಲ್ಲಿನವರು ಬಳಸುತ್ತಿದ್ದ ಪದಗಳಿವು. ಅಗೆದ ಗೋರಿಯ ಉದ್ದ ಸೀಳಿಕೆಯ ಚಿತ್ರ ಬರೆದು, ಮಣ್ಣು, ಎಲುಬು, ಮಡಕೆಗಳು ಯಾವ ಮಟ್ಟದಲ್ಲಿದ್ದವು ಎಂದು ತೋರಿಸಿದ್ದು ಟೇಲರನ ದೊಡ್ಡ ಕೊಡುಗೆ.

ಪದಗಳ ಜೊತೆಗೆ ಒಂದು ಊಹೆಯೂ ಹಡಗು ಹತ್ತಿ ಬಂದಿತ್ತು. ಹೆಸರು ಒಂದೇ ಆದಮೇಲೆ ಕಟ್ಟಿದವರೂ ಒಂದೇ ಕುಲದವರಿರಬೇಕು ಎಂಬ ವಾದ ಆಗ ಬಲವಾಗಿತ್ತು. ಟೇಲರನೂ ದಖ್ಖನಿನ ಗೋರಿಗಳನ್ನು ಯುರೋಪಿನ ಕೆಲ್ಟ್ ಜನರ ಗೋರಿಗಳ ಜೊತೆ ಇಟ್ಟು ನೋಡಿದ. 1872ರಲ್ಲಿ ಜೇಮ್ಸ್ ಫರ್ಗುಸನ್ ಹಲವು ದೇಶಗಳ ಒರಟುಗಲ್ಲಿನ ಸ್ಮಾರಕಗಳನ್ನೆಲ್ಲ ಒಂದೇ ಗ್ರಂಥದಲ್ಲಿ ಸೇರಿಸಿದ ಮೇಲೆ ಡಾಲ್ಮೆನ್, ಮೆನ್ಹಿರ್ ಎಂಬ ಪದಗಳು ಇಲ್ಲಿಯೂ ಬೇರೂರಿದವು. ಒಬ್ಬ ಕ್ರೋಮ್ಲೆಕ್ ಎಂದದ್ದನ್ನು ಇನ್ನೊಬ್ಬ ಡಾಲ್ಮೆನ್ ಎಂದ. ನೆಲದ ಮೇಲಿನ ಕಲ್ಮನೆಗೂ ನೆಲದೊಳಗಿನ ಕಲ್ಲುಪೆಟ್ಟಿಗೆಗೂ ಕೆಲವರು ಒಂದೇ ಪದ ಬಳಸಿದರು. ಹೀಗಾಗಿ ಎರಡು ಜಿಲ್ಲೆಗಳ ವರದಿಗಳನ್ನು ಹೋಲಿಸುವುದೇ ಕಷ್ಟವಾಯಿತು.

ಬ್ರಹ್ಮಗಿರಿಯ ಅಗೆತ

ಈ ಗೊಂದಲ ತಿಳಿಯಾಗತೊಡಗಿದ್ದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ. ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಅಲ್ಲಿ ಮೊದಲೇ ಅಗೆತ ನಡೆಸಿದ್ದರು. 1947ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಅದೇ ನೆಲೆಯನ್ನು ಪದರಪದರವಾಗಿ ಬಿಡಿಸಿದ. ಕಲ್ಲುಕೊಡಲಿಯ ಜನರ ಪದರ ಕೆಳಗೆ, ಬೃಹತ್‌ಶಿಲಾ ಜನರ ಪದರ ನಡುವೆ, ಸಾತವಾಹನ ಕಾಲದ ಪದರ ಮೇಲೆ ಎಂಬ ಕ್ರಮ ಸ್ಪಷ್ಟವಾಯಿತು.

ಇಲ್ಲಿನ ಒಂದು ಗೋರಿಯ ರಚನೆಯನ್ನು ನೋಡಿದರೆ ಪದಗಳಿಗೆ ನಿಖರತೆ ಏಕೆ ಬೇಕೆಂದು ತಿಳಿಯುತ್ತದೆ. ಗುಂಡಿ ತೋಡಿ, ಅದರೊಳಗೆ ನಾಲ್ಕು ಕಣಶಿಲೆಯ ಚಪ್ಪಡಿಗಳನ್ನು ನಿಲ್ಲಿಸಿದ್ದಾರೆ. ಪ್ರತಿ ಚಪ್ಪಡಿಯ ಒಂದು ಅಂಚು ಪಕ್ಕದ ಚಪ್ಪಡಿಯನ್ನು ದಾಟಿ ಹೊರಚಾಚಿರುವುದರಿಂದ ಮೇಲಿನಿಂದ ನೋಡಿದರೆ ಸ್ವಸ್ತಿಕದ ವಿನ್ಯಾಸ ಕಾಣುತ್ತದೆ. ಹೊರಗಿನ ಮಣ್ಣು ಒತ್ತಿದಷ್ಟೂ ಚಪ್ಪಡಿಗಳು ಒಂದಕ್ಕೊಂದು ಆನಿಕೊಳ್ಳುತ್ತವೆ, ಗಾರೆ ಬೇಕಿಲ್ಲ. ತಳಕ್ಕೊಂದು ಚಪ್ಪಡಿ, ಮೇಲೊಂದು ಮುಚ್ಚುಗಲ್ಲು, ಪೂರ್ವದ ಚಪ್ಪಡಿಯಲ್ಲಿ ದುಂಡು ಕಂಡಿ, ಸುತ್ತಲೂ ಗುಂಡುಕಲ್ಲುಗಳ ವೃತ್ತ. ಅಗೆಯುವ ಮೊದಲು ಮೇಲೆ ಕಾಣುವುದು ಹೆಚ್ಚಾಗಿ ವೃತ್ತವೊಂದೇ. ಪಕ್ಕದಲ್ಲೇ ಅಂಥದೇ ವೃತ್ತದ ಕೆಳಗೆ ಪೆಟ್ಟಿಗೆಯೇ ಇಲ್ಲದ ಬರಿಯ ಗುಂಡಿಯೂ ಸಿಕ್ಕಿತು. ಶವಗಳನ್ನು ಮೊದಲು ಇಂಥ ಗುಂಡಿಗಳಲ್ಲಿಟ್ಟು, ಬಳಿಕ ಎಲುಬುಗಳನ್ನು ಕಲ್ಲುಪೆಟ್ಟಿಗೆಗೆ ಸಾಗಿಸುತ್ತಿದ್ದಿರಬಹುದೆಂದು ವೀಲರ್ ಸೂಚಿಸಿದ. ಹೀಗೆ ‘ಕಲ್ಲಿನ ವೃತ್ತ’ ಎಂಬ ಒಂದೇ ಹೆಸರಿನಡಿ ಇದ್ದ ಎರಡು ಬೇರೆ ರಚನೆಗಳು ಬೇರೆಬೇರೆ ಹೆಸರು ಪಡೆದವು.

1949ರ ಪದಸೂಚಿ

ವಿ. ಡಿ. ಕೃಷ್ಣಸ್ವಾಮಿ ದಕ್ಷಿಣದ ಬೃಹತ್‌ಶಿಲಾ ಬಗೆಗಳ ಬಗ್ಗೆ ಬರೆದ ಲೇಖನ 1949ರಲ್ಲಿ ‘ಏನ್ಶಿಯೆಂಟ್ ಇಂಡಿಯಾ’ ಪತ್ರಿಕೆಯ ಐದನೆಯ ಸಂಚಿಕೆಯಲ್ಲಿ ಪ್ರಕಟವಾಯಿತು. ಈ ಪರಿಭಾಷೆಯ ಇತಿಹಾಸದಲ್ಲಿ ಇದೇ ಮುಖ್ಯ ತಿರುವು. ಅದರ ತಳಹದಿಯ ಮೇಲೆ ಬೆಳೆದ ಬಳಕೆಯಲ್ಲಿ ಕಟ್ಟಡ ಪೂರ್ತಿ ನೆಲದ ಮೇಲಿದ್ದರೆ ಡಾಲ್ಮೆನ್ ಅಥವಾ ಕಲ್ಮನೆ, ಅರ್ಧ ಹೂತಿದ್ದರೆ ಡಾಲ್ಮೆನಾಯ್ಡ್ ಸಿಸ್ಟ್, ಪೂರ್ತಿ ನೆಲದೊಳಗಿದ್ದರೆ ಸಿಸ್ಟ್ ಅಥವಾ ಕಲ್ಲುಪೆಟ್ಟಿಗೆ. ಚಪ್ಪಡಿಯಲ್ಲಿ ಕಂಡಿಯಿದ್ದರೆ ಅದನ್ನೂ ಹೆಸರಿನಲ್ಲಿ ಹೇಳಬೇಕು. ವೃತ್ತದೊಳಗೆ ಕಲ್ಲುರಾಶಿಯಿದ್ದರೆ ಕೇರ್ನ್ ವೃತ್ತ, ಒಳಗೆ ಗುಂಡಿಯಷ್ಟೇ ಇದ್ದರೆ ಗುಂಡಿವೃತ್ತ, ಒಂಟಿಯಾಗಿ ನೆಟ್ಟ ಕಲ್ಲು ಮೆನ್ಹಿರ್ ಅಥವಾ ನಿಲುಸುಗಲ್ಲು. ಒಳಬಾಗಿದ ನಾಲ್ಕು ಕಲ್ಲುಗಳ ಮೇಲೆ ದುಂಡನೆಯ ಮುಚ್ಚುಗಲ್ಲು ಕೂತಿದ್ದರೆ ಟೋಪಿಕಲ್ಲು. ಗುಮ್ಮಟದಂಥ ಕಲ್ಲು ನೇರವಾಗಿ ನೆಲದ ಮೇಲೆಯೇ ಕವುಚಿಕೊಂಡಿದ್ದರೆ ಅದು ಬೇರೆ ಬಗೆ. ಕೇರಳದ ಜಂಬಿಟ್ಟಿಗೆಯಲ್ಲಿ ಕೊರೆದ ಗುಹೆಗಳೂ ಪಟ್ಟಿಗೆ ಸೇರಿದವು.

ಈ ವಿಂಗಡಣೆಗೆ ಆಧಾರ ಕಣ್ಣಿಗೆ ಕಾಣುವ ರಚನೆ. ಕಟ್ಟಿದವರು ಯಾರು, ಎಲ್ಲಿಂದ ಬಂದರು ಎಂಬ ಪ್ರಶ್ನೆಗೆ ಅದರಲ್ಲಿ ಜಾಗವಿಲ್ಲ. ಕೆಲ್ಟ್ ಜನರ ಊಹೆ ಹೊತ್ತು ಬಂದಿದ್ದ ಪದಗಳೇ ಹೀಗೆ ಆ ಭಾರ ಕಳೆದುಕೊಂಡು ಬಳಕೆಯ ಸಾಧನಗಳಾದವು.

ಕರ್ನಾಟಕದ ಸಂಶೋಧಕರು

ಮೈಸೂರು ವಿಶ್ವವಿದ್ಯಾಲಯದ ಬಿ. ಕೆ. ಗುರುರಾಜರಾವ್ ಅವರ ಗ್ರಂಥ (1972) ದಕ್ಷಿಣ ಭಾರತದ ಒಟ್ಟು ಬೃಹತ್‌ಶಿಲಾ ಸಂಸ್ಕೃತಿಯನ್ನು ಒಂದೆಡೆ ತಂದಿತು. ಅ. ಸುಂದರ ಅವರು ಉತ್ತರ ಕರ್ನಾಟಕದ ಊರೂರು ಸುತ್ತಿ ಬರೆದ ಕೋಣೆಗೋರಿಗಳ ಅಧ್ಯಯನ 1975ರಲ್ಲಿ ಹೊರಬಂತು. ಕೋಣೆಯ ವಿನ್ಯಾಸ, ಕಂಡಿಯ ಆಕಾರ, ಒಳಹೋಗುವ ಹಾದಿ ಇವನ್ನೆಲ್ಲ ಅವರು ವಿಂಗಡಣೆಗೆ ಆಧಾರವಾಗಿಸಿಕೊಂಡರು. ಒಂದೇ ಹೆಸರಿನಡಿ ಬರುವ ಗೋರಿಗಳಲ್ಲೂ ಪ್ರದೇಶದಿಂದ ಪ್ರದೇಶಕ್ಕೆ ಕಟ್ಟುವ ಪದ್ಧತಿ ಬೇರೆಯಾಗುತ್ತದೆ ಎಂದು ಕನ್ನಡ ನೆಲದ ಉದಾಹರಣೆಗಳಿಂದಲೇ ತೋರಿಸಿಕೊಟ್ಟದ್ದು ಈ ಕೆಲಸದ ಹಿರಿಮೆ. 1974ರಲ್ಲಿ ಲಾರೆನ್ಸ್ ಲೆಶ್ನಿಕ್ ಇಡೀ ಪರಂಪರೆಗೆ ‘ಪಾಂಡುಕಲ್’ ಎಂಬ ದೇಶೀ ಹೆಸರನ್ನು ಸೂಚಿಸಿದರೂ ಅದು ನೆಲೆಯೂರಲಿಲ್ಲ.

ತೊಡಕುಗಳು

ತಮಿಳುನಾಡಿನ ಆದಿಚ್ಚನಲ್ಲೂರಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲೆಕ್ಸಾಂಡರ್ ರೀ ಹೊರತೆಗೆದ ಬಾನಿಗಳ ಮೇಲೆ ದೊಡ್ಡ ಕಲ್ಲುಗಳೇ ಇಲ್ಲ. ಆದರೂ ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಲಕರಣೆಗಳ ಹೋಲಿಕೆಯಿಂದ ಅವನ್ನು ಬೃಹತ್‌ಶಿಲಾ ಸಂಸ್ಕೃತಿಯ ಜೊತೆಯಲ್ಲೇ ಚರ್ಚಿಸುತ್ತಾರೆ. ಯಾದಗಿರಿ ಜಿಲ್ಲೆಯ ವಿಭೂತಿಹಳ್ಳಿಯಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ: ಗುಂಡುಕಲ್ಲುಗಳನ್ನು ಸಾಲುಸಾಲಾಗಿ, ಚೌಕದ ಲೆಕ್ಕದಲ್ಲಿ ಇಟ್ಟಿದ್ದಾರೆ. ಟೇಲರ್ ವರ್ಣಿಸಿದ, 1956ರಲ್ಲಿ ಎಫ್. ಆರ್. ಆಲ್ಚಿನ್ ಮತ್ತೆ ಚರ್ಚಿಸಿದ ಇಂಥ ಕಲ್ಸಾಲುಗಳನ್ನು ಗೋರಿ ಎನ್ನಲು ಬರುವುದಿಲ್ಲ. ಹಿರೇಬೆಣಕಲ್‌ನಲ್ಲಿ ನೂರಾರು ಕಲ್ಮನೆಗಳ ನಡುವೆ ಬಂಡೆಯ ಮೇಲೆ ಅರೆಗೋಳದಂಥ ದೊಡ್ಡ ಕಲ್ಲೊಂದಿದೆ. ಹೊಡೆದರೆ ನಗಾರಿಯಂತೆ ದನಿಗೊಡುತ್ತದೆ. ಮೇಲಿನ ಪಟ್ಟಿಯ ಯಾವ ಪದಕ್ಕೂ ಅದು ಒಗ್ಗುವುದಿಲ್ಲ.

ಕಾಲದ ಮಾತೂ ಹಾಗೆಯೇ. ವೀಲರ್ ಬ್ರಹ್ಮಗಿರಿಯ ಬೃಹತ್‌ಶಿಲಾ ಘಟ್ಟವನ್ನು ಕ್ರಿ.ಪೂ. 200ರ ಸುಮಾರಿಗೆ ಆರಂಭಿಸಿದ್ದ. ಹಳ್ಳೂರು ಮುಂತಾದ ನೆಲೆಗಳ ಕಾರ್ಬನ್ ಕಾಲನಿರ್ಣಯ ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಸುಮಾರಿಗೆ ಒಯ್ದಿತು. ಕಾಲ ಬದಲಾದರೂ ರಚನೆಯ ಹೆಸರುಗಳನ್ನು ಬದಲಿಸಬೇಕಾಗಲಿಲ್ಲ. ರೂಪವನ್ನಷ್ಟೇ ಹೇಳುವ ಪದಗಳ ಗಟ್ಟಿತನ ಇದು.

ದಾಖಲೆ ಮತ್ತು ರಕ್ಷಣೆ

ದಾಖಲೆಗಳು ಗಣಕಕ್ಕೆ ಬಂದಮೇಲೆ ಪದಗಳ ಶಿಸ್ತು ಇನ್ನಷ್ಟು ಅಗತ್ಯವಾಯಿತು. ಇಂಗ್ಲೆಂಡಿನಲ್ಲಿ 1995ರಲ್ಲಿ ಸ್ಮಾರಕಗಳ ಬಗೆಗಳಿಗಾಗಿಯೇ ಒಂದು ಪದಕೋಶ ಪ್ರಕಟವಾಯಿತು. ಇಂಥ ಕೋಶಗಳಲ್ಲಿ ಪ್ರತಿ ಬಗೆಗೂ ಒಂದು ಒಪ್ಪಿತ ಪದ, ಅದಕ್ಕಿಂತ ವಿಶಾಲವಾದ ಮತ್ತು ಕಿರಿದಾದ ಪದಗಳು, ಪರ್ಯಾಯ ಹೆಸರುಗಳು ಕೊಂಡಿಯಂತೆ ಬೆಸೆದಿರುತ್ತವೆ. ಭಾರತದಲ್ಲಿ 2007ರಲ್ಲಿ ಸ್ಥಾಪನೆಯಾದ ಸ್ಮಾರಕ ಮತ್ತು ಪ್ರಾಚ್ಯವಸ್ತುಗಳ ರಾಷ್ಟ್ರೀಯ ಮಿಷನ್ ದೇಶದ ಸ್ಮಾರಕಗಳ ಪಟ್ಟಿ ಮಾಡುವ ಹೊಣೆ ಹೊತ್ತಿತು. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿತು.

ಅಷ್ಟು ಹೆಸರಾಗದ ನೆಲೆಗಳಿಗೆ ಸರಿಯಾದ ಪದವೇ ಮೊದಲ ಕಾವಲು. ಕೇರ್ನ್ ವೃತ್ತವೊಂದು ಹೊಲದ ಅಂಚಿನಲ್ಲಿ ರೈತ ಆಯ್ದು ಒಟ್ಟಿದ ಕಲ್ಲುರಾಶಿಯಂತೆಯೇ ಕಾಣುತ್ತದೆ. ದಾಖಲೆಯಲ್ಲಿ ‘ಕಲ್ಲುಗಳು’ ಎಂದಷ್ಟೇ ಬರೆದರೆ ಉಳುಮೆಗೋ ಜಲ್ಲಿಗೋ ಅದು ಹೋಗುವುದು ತಡವಾಗದು. ಕಲ್ಲುಗಣಿ, ಬೇಸಾಯಗಳಿಂದ ಇಂಥ ಎಷ್ಟೋ ನೆಲೆಗಳು ಈಗಾಗಲೇ ಅಳಿದಿವೆ. ಆದ್ದರಿಂದ ಪ್ರತಿ ಸ್ಮಾರಕದ ದಾಖಲೆಯಲ್ಲೂ ರಚನೆಯನ್ನು ಹೇಳುವ ಒಪ್ಪಿತ ಪದ, ಉದ್ದೇಶದ ಬಗ್ಗೆ ಈಗಿರುವ ತಿಳಿವಳಿಕೆ, ಊರಿನವರ ಹೆಸರು ಈ ಮೂರೂ ಬೇರೆಬೇರೆಯಾಗಿ ಇರಬೇಕು. ಮೊದಲನೆಯದು ಹೋಲಿಕೆಗೆ ಬೇಕು, ಎರಡನೆಯದನ್ನು ಮುಂದಿನ ಅಗೆತ ತಿದ್ದಬಹುದು. ಮೂರನೆಯದನ್ನು ಈಗಲೇ ಕೇಳಿ ಬರೆದಿಡಬೇಕು, ಏಕೆಂದರೆ ಅದು ಇರುವುದು ಹಿರಿಯರ ಬಾಯಲ್ಲಿ ಮಾತ್ರ.